ಚಿನ್ನದ ಇಂಜೆಕ್ಷನ್ನೂ ಮೇಷ್ಟ್ರಮ್ಮನ ಪಾಡೂ

ನಾನು ಕೈ ಹಾಕಿದ ಯಾವ ಕೆಲಸವೂ ಎಲ್ಲೋ ಒಂದು ಕಡೆ ನಗೆಪಾಟಲಾಗದೆ ಮುಗಿದದ್ದಿಲ್ಲ. ಕಾಯಿಲೆ ಬಿದ್ದಾಗಲಾದರೂ ಜನ ಸ್ವಲ್ಪ ಗಂಭೀರವಾಗಿ ನೋಡುತ್ತಾರೆ ಅಂದುಕೊಂಡಿದ್ದೆ. ಅದೂ ಆಗಲಿಲ್ಲ.

ಆಗ ಮಹಾರಾಜರ ಕಾಲ. ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮೇಷ್ಟ್ರಮ್ಮ. ನಮ್ಮವರು ಮರದ ಡಿಪೋದಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ. ನನಗೆ ಮೂವತ್ತೆಂಟು ತುಂಬಿದ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಎರಡು ಕೈಯ ಬೆರಳೂ ಊದಿಕೊಂಡು ಮಡಚಲು ಬಾರದು. ಹೊತ್ತೇರಿದ ಮೇಲೆ ಸ್ವಲ್ಪ ಸಡಿಲವಾಯಿತು. ಮಾರನೆಯ ದಿನವೂ ಅದೇ ಕತೆ. ಒಂದು ತಿಂಗಳಲ್ಲಿ ಮಣಿಕಟ್ಟು, ಮಂಡಿ, ಕಾಲ್ಬೆರಳು ಎಲ್ಲ ಸೇರಿಕೊಂಡವು. ಸೀರೆಯ ನೆರಿಗೆ ಹಿಡಿಯಲು ಅತ್ತೆಯ ಸಹಾಯ ಬೇಕಾಯಿತು. ಅವರೇನೋ ಹಿಡಿದುಕೊಡುತ್ತಿದ್ದರು, ಆದರೆ ಒಂದೊಂದು ನೆರಿಗೆಗೂ ಒಂದೊಂದು ಬುದ್ಧಿಮಾತು ಇರುತ್ತಿತ್ತು.

ಕೊನೆಗೆ ಮೈಸೂರಿನ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಒಂದೊಂದೇ ಗೆಣ್ಣು ಒತ್ತಿ ನೋಡಿ, "ಇದು ಕೀಲುವಾತ, ಅಮ್ಮ. ಬಂದಷ್ಟು ಬೇಗ ಹೋಗೋದಲ್ಲ. ಔಷಧಿ ಕೊಡ್ತೀನಿ. ಆದ್ರೆ ಔಷಧಿನೂ ಸ್ವಲ್ಪ ಕಾಟ ಕೊಡುತ್ತೆ. ತಡ್ಕೋತೀರಾ?" ಅಂದರು.

"ಒಂದೇ ಕೊಠಡೀಲಿ ನಲವತ್ತೆಂಟು ಮಕ್ಕಳನ್ನ ತಡ್ಕೊಂಡಿದೀನಿ ಡಾಕ್ಟ್ರೇ. ಒಂದು ಬಾಟ್ಲಿ ಔಷಧಿ ತಡ್ಕೊಳ್ಳಲ್ವಾ?" ಅಂದೆ.

ಶಾಲೆ ಬಿಡುವುದಿಲ್ಲ ಅಂತ ಆವತ್ತು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಔಷಧಿ ಏನೇನು ಮಾಡಬಲ್ಲದು ಅಂತ ಆಗ ನನಗೆ ಗೊತ್ತಿರಲಿಲ್ಲ, ನೋಡಿ.

೧. ಗಂಟೆ

ಮೊದಲು ಕೊಟ್ಟದ್ದು ಸ್ಯಾಲಿಸಿಲೇಟ್ ಮಿಕ್ಸ್ಚರು. ಊರ ಆಸ್ಪತ್ರೆಯಲ್ಲೇ ಸಿಗುತ್ತಿತ್ತು. ಬಾಟಲಿಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು, ಒಂದು ಹಲ್ಲು ಒಂದು ಸಲಕ್ಕೆ. ನಮ್ಮೂರ ಡಾಕ್ಟರು ಹೇಳಿದ ಲೆಕ್ಕ ಮಾತ್ರ ವಿಚಿತ್ರವಾಗಿತ್ತು. "ಕಿವೀಲಿ ಗುಂಯ್ ಅನ್ನೋ ತನಕ ಹೆಚ್ಚಿಸ್ತಾ ಹೋಗೋಣ. ಗುಂಯ್ ಅಂದ ಕೂಡಲೆ ಬಂದು ಹೇಳಿ, ಕಮ್ಮಿ ಮಾಡೋಣ."

ಹತ್ತು ದಿನ ಕಿವಿಗೊಟ್ಟು ಕಾದೆ. ಏನೂ ಇಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಏಳರ ಮಗ್ಗಿ ಹೇಳಿಸುತ್ತಿದ್ದೆ. ಏಳೇಳಲಿ ನಲವತ್ತೊಂಬತ್ತು ಅನ್ನುವ ಹೊತ್ತಿಗೆ ಣಣಣಣ ಅಂತ ಗಂಟೆ ಹೊಡೆಯಿತು. ನಮ್ಮ ಶಾಲೆಯಲ್ಲಿ ಜವಾನ ಕಬ್ಬಿಣದ ಕಂಬಿ ತುಂಡಿಗೆ ಬಡಿದು ಗಂಟೆ ಮಾಡುತ್ತಿದ್ದ. ಅದೇ ಅಂದುಕೊಂಡು, "ಸರಿ, ಮಿಕ್ಕಿದ್ದು ನಾಳೆ. ಹೊರಡಿ" ಅಂದೆ.

ಮಕ್ಕಳು ಒಂದು ಕ್ಷಣ ಮುಖಮುಖ ನೋಡಿಕೊಂಡವು. ಒಂದೇ ಕ್ಷಣ. ಆಮೇಲೆ ಕೊಠಡಿಯಲ್ಲಿ ಧೂಳು ಮಾತ್ರ ಉಳಿಯಿತು.

ಹೆಡ್‌ಮಿಸ್ಟ್ರೆಸ್ ಓಡಿ ಬಂದರು. "ಇದೇನ್ರೀ, ಮೂರು ಗಂಟೆಗೇ ಬಿಟ್ಟುಬಿಟ್ರಿ?"

"ಗಂಟೆ ಹೊಡೀತಲ್ಲ?"

"ಯಾವ ಗಂಟೆ? ಜವಾನ ಅಗೋ ಅಲ್ಲಿ ಬಾವೀಲಿ ನೀರು ಸೇದ್ತಿದಾನೆ."

ಕಿವಿ ಇನ್ನೂ ಣಣಣ ಅನ್ನುತ್ತಲೇ ಇತ್ತು. ಆಗ ಗೊತ್ತಾಯಿತು, ಡಾಕ್ಟರು ಹೇಳಿದ ಗುಂಯ್ ಇದೇ ಅಂತ.

ಮಾರನೆಯ ದಿನ ಮೋಸಹೋಗಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಸಾಯಂಕಾಲ ಗಂಟೆ ಹೊಡೆಯಿತು. ಮಕ್ಕಳು ಎದ್ದು ನಿಂತವು.

"ಕೂತ್ಕೊಳ್ಳಿ! ಅದು ನನ್ನ ಕಿವಿ."

"ನಮ್ಮ ಕಿವೀಲೂ ಹೊಡೀತು, ಅಮ್ಮಾವ್ರೇ" ಅಂತ ಒಂದು ಹುಡುಗಿ ಅಳುಮುಖ ಮಾಡಿತು.

"ನೀನೇನು ಮಿಕ್ಸ್ಚರು ಕುಡಿದಿದೀಯಾ? ಕೂತ್ಕೊ." ಜವಾನ ಬೀಗ ಹಿಡಿದು ಬಂದು ಬಾಗಿಲಲ್ಲಿ ನಿಂತು ಕೆಮ್ಮುವವರೆಗೂ ಪಾಠ ಮಾಡಿದೆ.

ಮೂರನೆಯ ದಿನ ಊಟದ ಹೊತ್ತು ಕಳೆದು ತರಗತಿಗೆ ಬಂದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಬಹಳ ಅಕ್ಕರೆಯಿಂದ ಕೇಳಿತು, "ಅಮ್ಮಾವ್ರೇ, ಇವತ್ತು ಔಷಧಿ ಕುಡಿದ್ರಾ?"

ಮಕ್ಕಳಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಕಣ್ಣು ತುಂಬಿ ಬಂತು. "ಕುಡಿದೆ ಕಣಮ್ಮ" ಅಂದೆ.

ಇಡೀ ತರಗತಿ ಸ್ಲೇಟು ಎತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿತು.

೨. ಒಗ್ಗರಣೆ

ಡಾಕ್ಟರು ಒಂದು ಹಲ್ಲು ಕಡಿಮೆ ಮಾಡಿದರು. ಗಂಟೆ ನಿಂತಿತು. ಆದರೆ ಕಿವಿಗೆ ಹತ್ತಿ ತುರುಕಿದ ಹಾಗೆ ಎಲ್ಲ ಮಾತೂ ದೂರದಿಂದ ಬಂದಂತೆ ಕೇಳುತ್ತಿತ್ತು. ಅದರ ಜೊತೆಗೆ ಎದೆಯುರಿ. ಬರಿ ಹೊಟ್ಟೆಯಲ್ಲಿ ಕುಡಿಯಬೇಡಿ, ಸೋಡಾಪುಡಿ ಬೆರೆಸಿ ಕುಡಿಯಿರಿ, ಖಾರ ಬಿಡಿ, ಒಗ್ಗರಣೆ ಬಿಡಿ ಅಂತ ಡಾಕ್ಟರು ಕಟ್ಟುಪಾಡು ಹಾಕಿದರು. ಸಾಸಿವೆ ಸಿಡಿಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮೂರು ಹೊತ್ತೂ ಗಂಜಿ, ಹಾಲು, ಮೊಸರನ್ನ.

ಅಂಥದ್ದರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ ಅಂತ ಸುದ್ದಿ. ಮೇಷ್ಟ್ರಮ್ಮನ ಕೈಯಲ್ಲಿ ಸೀಮೆಸುಣ್ಣ ನಿಲ್ಲುವುದಿಲ್ಲ, ಕಿವಿಯೂ ಕೇಳುವುದಿಲ್ಲ ಅಂತ ಯಾರೋ ಪುಣ್ಯಾತ್ಮರು ಅರ್ಜಿ ಬರೆದಿದ್ದರು. ನನ್ನನ್ನು ಹೆಗ್ಗಡದೇವನಕೋಟೆಯ ಕಡೆ ಒಂದು ಚಿಕ್ಕ ಶಾಲೆಗೆ ಹಾಕುತ್ತಾರಂತೆ ಅಂತ ಹೆಡ್‌ಮಿಸ್ಟ್ರೆಸ್ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಕೇಳದೆ ಮೂರು ಸಲ ಹೇಳಿಸಿಕೊಂಡೆ. ಆ ಕಾಲಕ್ಕೆ ಕೋಟೆ ಅಂದರೆ ಕಾಡು, ಚಳಿಜ್ವರ. ಅಲ್ಲಿಂದ ಮೈಸೂರಿನ ಡಾಕ್ಟರ ಹತ್ತಿರ ಬಂದು ಹೋಗುವುದಂತೂ ಆಗದ ಮಾತು. ಅಲ್ಲಿಗೆ ಹೋದರೆ ನನ್ನ ಕೀಲುಗಳ ಕತೆ ಮುಗಿದ ಹಾಗೇ.

ನಾನು ಸುಮ್ಮನೆ ಕೂರಲಿಲ್ಲ. ಡಿಪೋದಿಂದ ನಮ್ಮವರು ಒಂದು ಬಿದಿರಿನ ತುಂಡು ತಂದರು. ಮುಷ್ಟಿಗೆ ತುಂಬುವಷ್ಟು ದಪ್ಪ. ಅದರ ತುದಿಗೆ ಸೀಮೆಸುಣ್ಣ ಸಿಗಿಸಿ, ಬೆರಳಿನ ಬದಲು ಇಡೀ ತೋಳಿನಿಂದ ಬರೆಯುವುದನ್ನು ಎರಡು ವಾರ ಕಲಿತೆ. ಕಿವಿಗೆ ಬೇರೆ ಉಪಾಯ. ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು. ಹೆಡ್‌ಮಿಸ್ಟ್ರೆಸ್ ತುಟಿ ನೋಡಿ ಎಷ್ಟೋ ಮಾತು ಹಿಡಿದೆ.

ಸಾಹೇಬರು ಬಂದರು. ಮೂಗಿನ ಕೆಳಗಿಂದ ಗಲ್ಲದವರೆಗೆ ಮೀಸೆ. ತುಟಿ ಎಂಬುದು ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ಮೊದಲಿನ ಪ್ರಶ್ನೆಗಳು ಊಹೆಗೆ ಸಿಕ್ಕವು. ಹಾಜರಿ, ಪಾಠ, ಹೊಲಿಗೆ ತರಗತಿ. ಆಮೇಲೆ ಅವರು ಕುರ್ಚಿಗೆ ಒರಗಿ, ಮೆತ್ತಗಿನ ದನಿಯಲ್ಲಿ ಏನೋ ಕೇಳಿದರು. ಹೊತ್ತು ಮಧ್ಯಾಹ್ನ, ಪಕ್ಕದ ಮನೆಯಿಂದ ಇಂಗಿನ ವಾಸನೆ ಬರುತ್ತಿತ್ತು. ನನಗೆ ಕೇಳಿಸಿದ್ದು, "ಏನಮ್ಮ, ನಿಮಗೆ ಒಗ್ಗರಣೆ ಬೇಕಾ?"

ಎಷ್ಟು ಒಳ್ಳೆಯ ಮನುಷ್ಯ, ನನ್ನ ಪಥ್ಯ ವಿಚಾರಿಸುತ್ತಿದ್ದಾರೆ ಅನ್ನಿಸಿತು. "ಬೇಡ ಸ್ವಾಮಿ. ಆ ಹೆಸರೆತ್ತಿದ್ರೇ ನನಗೆ ಹೊಟ್ಟೆ ತೊಳಸುತ್ತೆ" ಅಂದೆ.

ಅವರ ಹುಬ್ಬು ಮೇಲೆ ಹೋಯಿತು. "ಹಿಂದೆ ಯಾವಾಗಲಾದ್ರೂ ಆಗಿತ್ತಾ?"

"ಮೊದಲೆಲ್ಲ ದಿನಾ ಎರಡು ಹೊತ್ತೂ ಆಗ್ತಿತ್ತು, ಸ್ವಾಮಿ."

"ದಿನಾ ಎರಡು ಹೊತ್ತಾ?"

"ಹೌದು. ಸಾಸಿವೆ ಚಟಪಟ ಅನ್ನಬೇಕು, ಕರಿಬೇವು ಗರಿಗರಿ ಆಗಬೇಕು. ಈಗ ಎದೆಯುರಿ ನೋಡಿ. ಡಾಕ್ಟರು ಖಂಡಿತ ಕೂಡದು ಅಂದಿದಾರೆ."

ಹೆಡ್‌ಮಿಸ್ಟ್ರೆಸ್ ಮುಖ ಬೆಳ್ಳಗಾಯಿತು. ಮಕ್ಕಳ ಒಂದು ಸ್ಲೇಟು ಕಿತ್ತುಕೊಂಡು ಏನೋ ಗೀಚಿ ನನ್ನ ಕಣ್ಣಿಗೆ ಹಿಡಿದರು. 'ವರ್ಗಾವಣೆ' ಅಂತ ಬರೆದಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸುಮ್ಮನೆ ಬಿಡುವ ಹಾಗಿಲ್ಲ. ಬಿದಿರು ತುಂಡು ಎತ್ತಿಕೊಂಡು ನೇರ ಬೋರ್ಡಿನ ಹತ್ತಿರ ಹೋದೆ. "ನನ್ನ ಕಿವಿ ಮಂದ, ಕೈ ನಿಧಾನ, ಪಾಠ ನಿಂತಿಲ್ಲ" ಅಂತ ಗುಂಡಗೆ ಬರೆದು ತೋರಿಸಿದೆ. ಸಾಹೇಬರು ಅಕ್ಷರವನ್ನು ಬಹಳ ಹೊತ್ತು ನೋಡಿದರು. ಮೀಸೆ ಮಾತ್ರ ಒಂದೇ ಸಮನೆ ಅಲುಗುತ್ತಿತ್ತು. ಹಾಗೇ ಎದ್ದು ಹೋದರು.

ಒಂದು ತಿಂಗಳಿಗೆ ಹುಕುಂ ಬಂತು. "ಸದರಿ ಉಪಾಧ್ಯಾಯಿನಿಯವರ ಬೋಧನೆ ತೃಪ್ತಿಕರವಾಗಿದೆ. ವರ್ಗಾವಣೆಯಿಂದ ಇವರಿಗೆ ಎದೆಯುರಿ ಉಂಟಾಗುವುದೆಂದು ವೈದ್ಯರ ಅಭಿಪ್ರಾಯವಿರುವುದರಿಂದ ಇದ್ದಲ್ಲಿಯೇ ಇರತಕ್ಕದ್ದು."

೩. ಕಲಾಯಿ

ಮಿಕ್ಸ್ಚರಿನಿಂದ ನೋವು ತಗ್ಗಿತೇ ಹೊರತು ಊತ ಇಳಿಯಲಿಲ್ಲ. ಮೈಸೂರಿನ ಡಾಕ್ಟರು, "ಚಿನ್ನದ ಇಂಜೆಕ್ಷನ್ ಅಂತ ಬಂದಿದೆ. ವಾರಕ್ಕೊಂದು. ಎರಡು ಮೂರು ತಿಂಗಳು ಏನೂ ಗುಣ ಕಾಣಿಸಲ್ಲ, ಧೈರ್ಯ ಬಿಡಬಾರದು" ಅಂದರು. ಇನ್ನೂ ಏನೇನೋ ಎಚ್ಚರಿಕೆ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಅರ್ಧ. ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ, ಚುಚ್ಚಿಸಿಕೊಂಡು ಬರತೊಡಗಿದೆ.

ಮಿಕ್ಸ್ಚರು ನಿಂತು ಪಥ್ಯ ಸಡಿಲವಾಗಿ ನಾಲ್ಕೈದು ವಾರ ಕಳೆದಿರಬೇಕು, ಊಟಕ್ಕೆ ಕೂತರೆ ಎಲ್ಲವೂ ಕಿಲುಬು ಕಿಲುಬು. ಸಾರು ಕುಡಿದರೆ ತಾಮ್ರದ ಕಾಸು ಚೀಪಿದ ಹಾಗೆ. ಪಾತ್ರೆಗಳ ಕಲಾಯಿ ಹೋಗಿದೆ, ಹುಳಿ ಬಿದ್ದು ಹಿತ್ತಾಳೆ ಬಿಡುತ್ತಿದೆ ಅಂತ ತೀರ್ಮಾನಿಸಿ ಕಲಾಯಿ ಸಾಬರಿಗೆ ಹೇಳಿಕಳಿಸಿದೆ.

ಅವರು ನಮ್ಮ ಬೀದಿಗೆಲ್ಲ ಬೇಕಾದವರು. ಅವರ ತಂದೆಯೂ ಅದೇ ಕೆಲಸದವರು. ಮನೆ ಮುಂದೆ ಗುಂಡಿ ತೋಡಿ, ಗಾಳಿಯೂದುವ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ತಿರುಗಿಸಿದರೆ ಪಾತ್ರೆಯ ಒಳಗೆ ಬೆಳ್ಳಿ ಬೆಳಕು. ಅನ್ನದ ತಪ್ಪಲೆ, ಸಾರಿನ ಚರಿಗೆ, ಸೌಟು ಎಲ್ಲ ಮುಗಿಸಿಕೊಟ್ಟು ಹೋದರು. ಆವತ್ತು ಸಾರು ಮಾಡಿ ಬಾಯಿಗಿಟ್ಟೆ. ಅದೇ ಕಿಲುಬು.

ಎರಡನೆಯ ಸಲ ಕರೆಸಿದೆ. "ಅಮ್ಮಾವ್ರೆ, ಹೋದ ವಾರಾನೇ ಹಾಕಿದ್ದು!" ಅಂದರು. "ಸರಿಯಾಗಿ ಹಿಡಿದಿಲ್ಲ" ಅಂದೆ. ಪಾಪ, ಇನ್ನೊಂದು ಸಲ ಹಾಕಿದರು. ಮತ್ತೂ ಕಿಲುಬು.

ಮೂರನೆಯ ಸಲ ಕರೆಸಿದಾಗ ಅವರು ತಿದಿ ತರಲಿಲ್ಲ. ಬರಿಗೈಲಿ ಬಂದು ಜಗಲಿಯ ಮೇಲೆ ನೆಟ್ಟಗೆ ಕೂತರು. "ನಮ್ಮಪ್ಪನ ಕಾಲದಿಂದ ಈ ಊರಲ್ಲಿ ಯಾರೂ ನಮ್ಮ ಕಲಾಯಿಗೆ ಹೆಸರಿಟ್ಟಿಲ್ಲ, ಅಮ್ಮಾವ್ರೆ. ಇವತ್ತು ಮಾಡಿದ ಸಾರು ಒಂದು ಲೋಟ ಕೊಡಿ."

ಕೊಟ್ಟೆ. ಕಣ್ಣು ಮುಚ್ಚಿ ಕುಡಿದರು. ಇನ್ನೊಂದು ಲೋಟ ಕೇಳಿದರು. ಅದನ್ನೂ ಕುಡಿದರು. ನಮ್ಮತ್ತೆಯನ್ನು ಕರೆದು, "ನಿಮಗೆ ಕಿಲುಬು ಅನ್ನಿಸ್ತದಾ, ಅಜ್ಜಿ?" ಅಂದರು.

"ಇಲ್ಲ ಕಣಪ್ಪ. ಉಪ್ಪು ಒಂದೀಟು ಜಾಸ್ತಿ ಆಗೈತೆ, ಅದು ಇವಳ ಅಭ್ಯಾಸ" ಅಂದರು ಅತ್ತೆ, ಸಿಕ್ಕಿದ ಅವಕಾಶ ಬಿಡದೆ.

ಸಾಬರು ಮೀಸೆ ಒರೆಸಿಕೊಂಡು ಎದ್ದು ನಿಂತರು. "ಪಾತ್ರೆ ಕಲಾಯಿ ಗಟ್ಟಿಯಾಗಿದೆ, ಅಮ್ಮಾವ್ರೆ. ಕಲಾಯಿ ಹೋಗಿರೋದು ನಿಮ್ಮ ಬಾಯಿಗೆ. ಬೆಂಕಿ ಮೇಲೆ ಇಡೋ ಹಾಗಿದ್ರೆ ಹೇಳಿ, ಅದನ್ನೂ ಹಾಕಿಕೊಡ್ತೀನಿ."

ಮುಂದಿನ ಶನಿವಾರ ಡಾಕ್ಟರಿಗೆ ವಿಷಯ ಹೇಳಿದೆ. ಚಿನ್ನ ಮೈಗೆ ಸೇರಿದರೆ ಕೆಲವರ ಬಾಯಿ ಹೀಗಾಗುತ್ತದೆ ಅಂತ ಮೊದಲ ದಿನವೇ ಹೇಳಿದ್ದರಂತೆ. "ನಿಮ್ಮ ಕಾಯಿಲೆ ಅರ್ಧ ಆ ಸಾಬರೇ ಕಂಡುಹಿಡಿದಿದ್ದಾರೆ, ಅಮ್ಮ. ಮುಂದಿನ ವಾರ ಅವರನ್ನೂ ಕರ್ಕೊಂಡು ಬನ್ನಿ" ಅಂದರು.

೪. ತುರಿಕೆ

ಡಾಕ್ಟರು ಪ್ರತಿ ವಾರ ಮೊದಲು ಕೇಳುತ್ತಿದ್ದದ್ದು ಒಂದೇ: "ಮೈ ತುರಿಕೆ ಇದೆಯಾ? ಇದ್ರೆ ಇವತ್ತು ಚುಚ್ಚಲ್ಲ."

ಮೂರು ತಿಂಗಳಾದ ಮೇಲೆ ಬೆರಳಿನ ಊತ ಕೊಂಚ ಇಳಿಯತೊಡಗಿತ್ತು. ಒಂದು ಬೆಳಿಗ್ಗೆ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಕಾಫಿ ಕುಡಿದೆ. ನಮ್ಮವರು ಪೇಪರು ಕೆಳಗಿಟ್ಟು ನೋಡುತ್ತ ಕೂತಿದ್ದರು. ಅಂಥ ಹೊತ್ತಿನಲ್ಲೇ ತೋಳಿನ ಮೇಲೆ ಕೆಂಪು ಗಂದೆ ಎದ್ದು ತುರಿಕೆ ಶುರುವಾಯಿತು. ಹೇಳಿದರೆ ಔಷಧಿ ನಿಲ್ಲಿಸುತ್ತಾರೆ. ಹೇಳುವುದಿಲ್ಲ ಅಂತ ಹಟ ಹಿಡಿದೆ. ಉದ್ದ ತೋಳಿನ ರವಿಕೆ ತೊಟ್ಟು ಹೋದೆ.

"ತುರಿಕೆ?" ಅಂದರು ಡಾಕ್ಟರು.

"ಇಲ್ಲ" ಅಂದೆ, ಎರಡು ಕೈಯನ್ನೂ ತೊಡೆ ಕೆಳಗೆ ಅದುಮಿ ಕೂತು. ಮೈಯೆಲ್ಲ ಇರುವೆ ಹರಿದಂತೆ. ಹಲ್ಲು ಕಚ್ಚಿಕೊಂಡಿದ್ದೆ.

ಪಕ್ಕದಲ್ಲಿ ನಮ್ಮವರು ಪರಪರ ಅಂತ ಬೆನ್ನು, ಕತ್ತು, ಕಾಲು ಎಲ್ಲ ಕೆರೆಯುತ್ತಿದ್ದರು. ಡಾಕ್ಟರು ಸಿರಿಂಜು ಕೆಳಗಿಟ್ಟು ಅವರನ್ನೇ ನೋಡಿದರು. "ಇದೇನ್ರೀ, ನಿಮಗೆ ಯಾರು ಚುಚ್ಚಿದ್ದು?"

"ಹುಣಸೂರು ಬಸ್ಸಿನ ತಿಗಣೆ, ಸಾರ್" ಅಂದರು ನಮ್ಮವರು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಕೈ ತೊಡೆಯಡಿಯಿಂದ ಬಿಡಿಸಿಕೊಂಡು ತಾನಾಗಿ ತೋಳಿಗೆ ಹೋಯಿತು. ಡಾಕ್ಟರು ರವಿಕೆಯ ತೋಳು ಸರಿಸಿ ನೋಡಿ ಗದರಿದರು. "ಮಕ್ಕಳು ಸುಳ್ಳು ಹೇಳಿದ್ರೆ ಏನು ಮಾಡ್ತೀರಿ?"

"ಬೆಂಚಿನ ಮೇಲೆ ನಿಲ್ಲಿಸ್ತೀನಿ."

"ಮಂಡಿ ನೋವಿದೆ ಅಂತ ಬಿಟ್ಟಿದೀನಿ. ಮೂರು ವಾರ ಇಂಜೆಕ್ಷನ್ ಇಲ್ಲ. ಆಮೇಲೆ ಅರ್ಧಕ್ಕೆ ಇಳಿಸಿ ಶುರು ಮಾಡೋಣ. ಇನ್ನು ಮುಚ್ಚಿಟ್ಟರೆ ಕಾಯಿಲೆಗಿಂತ ಮೊದಲು ನಾನು ನಿಮ್ಮನ್ನ ಬಿಡ್ತೀನಿ."

ಅಲ್ಲಿಂದ ಮುಂದೆ ಏನನ್ನೂ ಮುಚ್ಚಿಟ್ಟಿಲ್ಲ. ಗಂದೆ ಇಳಿಯಿತು, ಇಂಜೆಕ್ಷನ್ ಮತ್ತೆ ಶುರುವಾಯಿತು. ನಮ್ಮವರ ತುರಿಕೆ ಮಾತ್ರ, ಆ ಬಸ್ಸು ಓಡಾಡುವ ತನಕ ವಾಸಿಯಾಗಲಿಲ್ಲ.

೫. ತೂತು

ನಮ್ಮತ್ತೆ ಸರಗೂರು ಕಡೆಯವರು. ಚಿನ್ನದ ಇಂಜೆಕ್ಷನ್ ವಿಷಯ ಅವರಿಗೆ ಮೊದಲಿನಿಂದ ಹಿಡಿಸಿರಲಿಲ್ಲ. "ಚಿನ್ನ ಹಾಕೋದಾದ್ರೆ ಮೈ ಮ್ಯಾಲೆ ಹಾಕ್ಬೇಕು ಕಣಮ್ಮಿ. ನಾಕು ಜನ ನೋಡ್ತಾರೆ. ಒಳಕ್ಕೆ ಹಾಕುದ್ರೆ ಯಾರು ಕಂಡ್ರು?"

ಪ್ರತಿ ಶನಿವಾರ ನಾನು ಒಂದು ಸಣ್ಣ ಬಾಟಲಿಯಲ್ಲಿ ಮೂತ್ರ ತೆಗೆದುಕೊಂಡು ಹೋಗಬೇಕಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುತ್ತಿದ್ದೆ. ಒಂದು ದಿನ ಅತ್ತೆ ಅಡ್ಡ ಹಾಕಿದರು. "ಅದೇನಮ್ಮಿ, ವಾರ ವಾರ ಬಾಟ್ಲಿ?"

ಹೇಳಿದೆ. "ಡಾಕ್ಟ್ರು ಪರೀಕ್ಷೆ ಮಾಡ್ತಾರೆ, ಅತ್ತೆ. ಚಿನ್ನದಿಂದ ಒಳಗೇನಾದ್ರೂ ತೊಂದರೆ ಆಗಿದೆಯಾ ಅಂತ ದೀಪದ ಮೇಲೆ ಕಾಯಿಸಿ ನೋಡ್ತಾರೆ."

"ಕಾಯಿಸ್ತಾರಾ?"

"ಹ್ಞೂಂ."

ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಅಂದರು, "ಅಕ್ಕಸಾಲಿನೂ ಕಾಯಿಸೇ ಕಣಮ್ಮಿ ಚಿನ್ನ ತೆಗೆಯೋದು. ನೀನು ಓದುದೋಳು, ಅಷ್ಟೂ ತಿಳೀಲಿಲ್ವಾ? ಒಂದು ಕೈಲಿ ಹಾಕ್ತಾರೆ, ಇನ್ನೊಂದು ಕೈಲಿ ವಾಪಸ್ ಇಸ್ಕೋತಾರೆ!"

"ಅಯ್ಯೋ, ಹಾಗಲ್ಲ ಅತ್ತೆ."

"ಸುಮ್ಕಿರು. ಇನ್ಮೇಲೆ ಬಾಟ್ಲಿ ತುಂಬ ಕೊಡಬ್ಯಾಡ. ತಳದಾಗೆ ಒಂದೀಟು ಕೊಡು ಸಾಕು."

ನಾನು ನಕ್ಕು ಬಸ್ಸಿಗೆ ಹೊರಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡದ್ದು ನನ್ನ ತಪ್ಪು. ವಾರಕ್ಕೊಂದು ಬಾಟಲಿ ಡಾಕ್ಟರಿಗೆ ಹೋದರೆ, ಮಿಕ್ಕ ಆರು ದಿನದ್ದು ಎಲ್ಲಿಗೆ ಹೋಗುತ್ತಿದೆ ಅಂತ ಅತ್ತೆ ಲೆಕ್ಕ ಹಾಕಿದ್ದರು. ಹಾಕಿ, ಬಚ್ಚಲ ಮೋರಿಯನ್ನು ನೋಡಿದ್ದರು.

ಮುಂದಿನ ಶನಿವಾರ ಮೈಸೂರಿನಿಂದ ಬಂದು ಇಳಿದರೆ ನಮ್ಮ ಹಿತ್ತಲಲ್ಲಿ ಬೀದಿಯೇ ನೆರೆದಿದೆ. ಜನರನ್ನು ಸರಿಸಿಕೊಂಡು ಹೋದೆ. ಬಚ್ಚಲ ಮೋರಿಯ ಬಾಯಲ್ಲಿ ಜಲಗಾರ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅಕ್ಕಸಾಲಿಗರ ಬೀದಿಯ ಕಸ, ಮಣ್ಣು ತೊಳೆದು ಅದರಲ್ಲಿ ಬಿದ್ದ ಚಿನ್ನದ ಪುಡಿ ಹೆಕ್ಕುವುದು ಅವನ ಕಸುಬು. ಮರದ ಮರಿಗೆಯಲ್ಲಿ ನಮ್ಮ ಮೋರಿಯ ಕೆಸರು ತುಂಬಿಕೊಂಡು ನೀರಿನಲ್ಲಿ ತೂಗಿ ತೂಗಿ ತೊಳೆಯುತ್ತಿದ್ದಾನೆ. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, "ಮೆತ್ತಗೆ ಕಣಪ್ಪ, ಮೆತ್ತಗೆ. ಮೈಸೂರಿನ ಚಿನ್ನ ಅದು" ಅನ್ನುತ್ತಿದ್ದಾರೆ.

"ಅತ್ತೆ! ಏನಿದು ಮಾನ ಹೋಗೋ ಕೆಲಸ? ನಾನು ಈ ಊರಲ್ಲಿ ಮಕ್ಕಳಿಗೆ ಪಾಠ ಹೇಳಬೇಕು!"

"ಹೇಳುವೆಯಂತೆ ಬುಡು. ಮಾನ ಎಲ್ಲೂ ಓಗಾಕಿಲ್ಲ. ಚಿನ್ನ ಓದ್ರೆ ಬರಾಕಿಲ್ಲ."

"ಮೋರೀಲಿ ಚಿನ್ನ ಸಿಗಲ್ಲ, ಅತ್ತೆ. ಅದು ಔಷಧಿ. ನೀರಿನ ಹಾಗಿರುತ್ತೆ. ಕಣ್ಣಿಗೇ ಕಾಣೋಲ್ಲ. ಅದು ಮೈಯೊಳಗೆ ಕರಗಿ..."

ನನ್ನ ಪಾಠ ಇನ್ನೂ ಮುಗಿದಿರಲಿಲ್ಲ. ಜಲಗಾರ "ಅಮ್ಮೋ!" ಅಂದ. ಮರಿಗೆಯ ತಳದಲ್ಲಿ, ಕಪ್ಪು ಮರಳಿನ ನಡುವೆ, ಕಡಲೆಗಿಂತ ಚಿಕ್ಕದೇನೋ ಒಂದು, ಹಳದಿಯಾಗಿ ಫಳಕ್ ಅಂತ ಹೊಳೆಯಿತು.

ಜನ ಎಲ್ಲ ಒಂದೇ ಉಸಿರಿಗೆ "ಹಾ!" ಅಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ಗಕ್ಕನೆ ಕತ್ತು ಮುಟ್ಟಿಕೊಂಡೆ. ಬೆರಳು ಊದಿದ್ದ ದಿನಗಳಲ್ಲಿ ಸ್ನಾನ ಮಾಡುವಾಗ ನನ್ನ ಸರ ಒಮ್ಮೆ ಹರಿದಿತ್ತು. ಮಣಿಯೆಲ್ಲ ಹೆಕ್ಕಿ ಪೋಣಿಸಿಕೊಂಡಿದ್ದೆ. ಎಣಿಸಿರಲಿಲ್ಲ. ಈಗ ಬೆರಳಿನಿಂದ ಎಣಿಸಿದರೆ ತಾಳಿಯ ಎಡಕ್ಕೆ ಎರಡು ಚಿನ್ನದ ಗುಂಡು, ಬಲಕ್ಕೆ ಒಂದೇ.

ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸುತ್ತಿದ್ದರು. "ನೋಡ್ರವ್ವ, ನನ್ನ ಸೊಸೆ ಮೈಯಿಂದ ಬಂದದ್ದು! ಔಷಧಿ ಕೆಲ್ಸ ಮಾಡ್ತಾ ಐತೆ!" ಪಕ್ಕದ ಮನೆಯವರು ಒಬ್ಬರು, ತಮಗೂ ಮಂಡಿ ನೋವಿದೆ, ಆ ಡಾಕ್ಟರ ವಿಳಾಸ ಬೇಕು ಅಂದರು.

ಇದನ್ನು ಹೀಗೇ ಬಿಟ್ಟರೆ ಸೋಮವಾರ ಇಡೀ ಶಾಲೆಗೆ ಸುದ್ದಿಯಾಗುತ್ತದೆ. ನಾನು ಮೇಷ್ಟ್ರಮ್ಮನ ದನಿ ತೆಗೆದು ಗಟ್ಟಿಯಾಗಿ ಹೇಳಿದೆ. "ಎಲ್ಲರೂ ಕೇಳಿ. ಇದು ಔಷಧಿ ಚಿನ್ನ ಅಲ್ಲ. ನನ್ನ ಸರದ ಗುಂಡು. ಬಚ್ಚಲಲ್ಲಿ ಬಿದ್ದುಹೋಗಿತ್ತು. ಬೇಕಾದ್ರೆ ಸರಿಯಾಗಿ ನೋಡಿ, ದಾರ ಪೋಣಿಸೋಕೆ ಮಧ್ಯೆ ತೂತು ಇದೆ!"

ಎಲ್ಲರೂ ಬಗ್ಗಿ ನೋಡಿದರು. ತೂತು ಇತ್ತು. ಜನರ ಮುಖ ಸಪ್ಪಗಾಯಿತು. ಒಬ್ಬಿಬ್ಬರು ಆಗಲೇ ಹೊರಡಲು ತಿರುಗಿದರು.

ಅತ್ತೆ ಗುಂಡನ್ನು ಸಂಜೆಯ ಇಳಿಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ತೂತಿನೊಳಗಿಂದ ನನ್ನನ್ನೇ ನೋಡಿದರು. ಆಮೇಲೆ ಇಂಥ ದಡ್ಡ ಸೊಸೆಗೆ ಸರ್ಕಾರ ಯಾಕೆ ಸಂಬಳ ಕೊಡುತ್ತದೆ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ಸೂಜೀಲಿ ಚುಚ್ಚಿ ಚುಚ್ಚಿ ಒಳಕ್ಕೆ ಬುಟ್ಟವ್ರೆ. ತೂತು ಬೀಳ್ದೆ ಇರ್ತದೇನಮ್ಮಿ?"